ಗುಳ್ಳೆ ನಿಲ್ಲುವ ತನಕ

ಚೆನ್ನೈ
ಮಂಗಳವಾರ, ೧೯-೮-೨೦೦೩

ಹರ್ಷಿಣಿಯ ಅಪ್ಪನಿಗೆ ಬೇಬಿ ಮಾಡುವ ನಮಸ್ಕಾರ.

ಫೋನಿನಲ್ಲಿ ನನ್ನ ದನಿ ಕೇಳಿದರೆ ಇಟ್ಟುಬಿಡುತ್ತೀರಿ. ಅದಕ್ಕೇ ಸೇಲಂಗೆ ಹೊರಟಿರುವ ನಮ್ಮ ಅಡುಗೆಯ ಐತನ ಕೈಯಲ್ಲಿ ಈ ಕಾಗದ ಕೊಡುತ್ತಿದ್ದೇನೆ. ನನ್ನ ಅಣ್ಣ ಸುಬ್ರಾಯಣ್ಣನ ಮೇಲಿನ ಸಿಟ್ಟಿಗೆ ಹೋಟೆಲು ಬಿಟ್ಟಿರಿ, ಮನೆಯನ್ನೂ ಬಿಟ್ಟಿರಿ. ಇದನ್ನು ಓದುವಷ್ಟು ಹೊತ್ತು ಆ ಸಿಟ್ಟು ಬದಿಗಿಡಿ.

ಹರ್ಷಿಣಿ ಆಸ್ಪತ್ರೆಯಲ್ಲಿದ್ದಾಳೆ. ಕಾಲೇಜಿನಿಂದ ಬರುವಾಗ ಕ್ರೋಂಪೇಟೆ ಸ್ಟೇಷನ್ನಿನ ಮೆಟ್ಟಿಲಲ್ಲಿ ಎದೆ ಹಿಡಿದು ಕೂತಳಂತೆ. ಮನೆಗೆ ಬಂದವಳಿಗೆ ನಾನು ಏನು ಮಾಡಿದೆ ಹೇಳಿ? ನಮ್ಮ ಹೋಟೆಲಿನವರಿಗೆ ಎದೆನೋವೆಂದರೆ ಗ್ಯಾಸು. ಇಂಗು ಹಾಕಿದ ಮಜ್ಜಿಗೆ ಕುಡಿಸಿ, ಬೆನ್ನು ನೀವಿ ಮಲಗಿಸಿದೆ. ಬೆಳಿಗ್ಗೆ ನೋಡಿದರೆ ಒಂದು ಮಾತಿಗೆ ಎರಡು ಸಲ ಉಸಿರೆಳೆಯುತ್ತಿದ್ದಳು.

ಶ್ವಾಸಕೋಶದ ಮೇಲಿನ ಸಣ್ಣ ಬೊಕ್ಕೆಯೊಂದು ಒಡೆದು, ಗಾಳಿ ಎದೆಗೂಡಿನೊಳಗೆ ಸೋರಿ, ಬಲಗಡೆಯ ಶ್ವಾಸಕೋಶ ಕುಸಿದಿದೆಯಂತೆ. ಉದ್ದಕ್ಕೆ, ಸಪೂರ ಇರುವ ಪ್ರಾಯದ ಮಕ್ಕಳಿಗೆ ಕಾರಣವಿಲ್ಲದೆಯೂ ಹೀಗಾಗುತ್ತದಂತೆ. ಪಕ್ಕೆಗೆ ನಳಿಗೆ ಹಾಕಿ, ಅದರ ತುದಿಯನ್ನು ನೀರಿನ ಬಾಟಲಿಯಲ್ಲಿ ಇಳಿಬಿಟ್ಟಿದ್ದಾರೆ. ಗುಳ್ಳೆ ಏಳುವುದು ನಿಂತರೆ ಸೋರಿಕೆ ನಿಂತಿತೆಂದು ಲೆಕ್ಕ. ಜೀವಮಾನವಿಡೀ ಕುದಿ ಬರಲೆಂದು ಪಾತ್ರೆಯ ಮುಂದೆ ನಿಂತವಳು, ಈಗ ಗುಳ್ಳೆ ಏಳದಿರಲೆಂದು ಬಾಟಲಿಯ ಮುಂದೆ ಕೂತಿದ್ದೇನೆ. ಅದು ನಿಲ್ಲುತ್ತಿಲ್ಲ. ಅವಳು ಕೆಮ್ಮಿದರೆ ಇನ್ನೂ ಹೆಚ್ಚು. ನನ್ನ ಕೈಯಲ್ಲಿ ಏನೂ ಇಲ್ಲ, ಹೆದರಿಕೆಯಾಗುತ್ತದೆ.

ವಾರ ಕಳೆದರೂ ನಿಲ್ಲದ್ದರಿಂದ ಶುಕ್ರವಾರ ಆಪರೇಷನ್. ಸೋರುವ ಜಾಗ ಮುಚ್ಚಿ, ಶ್ವಾಸಕೋಶ ಎದೆಗೂಡಿಗೆ ಅಂಟಿಕೊಳ್ಳುವಂತೆ ಮಾಡುತ್ತಾರಂತೆ. ಮನೆಯವರ ಸಹಿ ಬೇಕೆಂದಾಗ ಸುಬ್ರಾಯಣ್ಣ ಪೆನ್ನು ತೆಗೆದ. ಹರ್ಷಿಣಿ ಡಾಕ್ಟರಿಗೂ ತಿಳಿಯುವಂತೆ ತಮಿಳಿನಲ್ಲಿ, ಅಪ್ಪ ಬರಲಿ ಎಂದಷ್ಟೇ ಹೇಳಿ ಗೋಡೆಯ ಕಡೆ ತಿರುಗಿದಳು. ನಳಿಗೆ ಇರುವ ಬದಿಗೆ ಹೊರಳಬಾರದೆಂಬುದನ್ನೂ ಮರೆತಳು. ಅಣ್ಣ ಪೆನ್ನು ಜೇಬಿಗೆ ಹಾಕಿಕೊಂಡ.

ಬನ್ನಿ ಎಂದು ನಾನು ಬರೆಯುವುದಿಲ್ಲ. ನಾನು ಕರೆದರೆ ನೀವು ಬರುವವರಲ್ಲ. ವಿಷಯ ತಿಳಿಸಿದ್ದೇನೆ, ಅಷ್ಟೇ.

ಇಂತಿ,
ಬೇಬಿ

ತಾ.ಕ.: ಮನೆಯಲ್ಲಿ ಬೇರೆ ಯಾರಿಗಾದರೂ ಹೀಗಾಗಿತ್ತೇ ಎಂದು ಡಾಕ್ಟರು ಕೇಳಿದರು. ಇಲ್ಲ ಎಂದೆ. ಆಮೇಲೆ ನೆನಪಾಯಿತು. ಮದುವೆಯಾದ ಹೊಸತರಲ್ಲಿ ನೀವೂ ದೋಸೆಕಲ್ಲಿನ ಮುಂದೆ ಎದೆ ಹಿಡಿದು ಕೂತಿದ್ದಿರಿ. ನಿಮಗೂ ಇಂಗಿನ ಮಜ್ಜಿಗೆಯನ್ನೇ ಕೊಟ್ಟಿದ್ದೆ. ಒಮ್ಮೆ ಎಕ್ಸ್-ರೇ ತೆಗೆಸಿಕೊಳ್ಳಿ. ಸೇಲಂನಲ್ಲಿ ಬೇಡ. ಇಲ್ಲಿ ಚೆನ್ನಾಗಿ ತೆಗೆಯುತ್ತಾರೆ, ಶುಕ್ರವಾರ ಬೆಳಿಗ್ಗೆಯೂ.