ಚಂದ್ರುವಿಗೆ ಕಳಿಸಿದ ರವೆಉಂಡೆ

ಆಲ್ದೂರಿನ ಹತ್ತಿರದ ತೋಟದಿಂದ
ಬಹುಧಾನ್ಯ ಸಂವತ್ಸರ, ಮಾಘ ಬಹುಳ
12-2-1939

ಚಿ. ಸೌ. ಸುಶೀಲೆಗೆ ನಿನ್ನ ಅಕ್ಕ ಸತ್ಯವತಿಯ ಆಶೀರ್ವಾದ.

ಕಾಗದ ತಡವಾಯಿತು, ಬೈಯಬೇಡ ಮಾರಾಯ್ತಿ. ಜ್ವರ ಏರಿ ಪೆನ್ನು ಹಿಡಿಯಲಾಗಲಿಲ್ಲ. ಬಿಸಿಲಿಗೆ ಹಾಕಿಯೇ ಒಡೆಯಬೇಕೆಂದು ಲಕೋಟೆಯ ಮೇಲೆ ಬರೆದಿದ್ದೇನೆ, ಹಾಗೇ ಮಾಡಿರುತ್ತೀಯ. ಕ್ಷಯ ಅಂದರೆ ತಮಾಷೆಯಲ್ಲ.

ನಾನು ಈಗಲೂ ಕಾಫಿ ಒಣಗಿಸುವ ಕಣದ ಪಕ್ಕದ ಕೋಣೆಯಲ್ಲೇ ಇದ್ದೇನೆ. ನಿನ್ನ ಭಾವ ದಿನಾ ಬರುತ್ತಾರೆ, ಆದರೆ ಹಲಸಿನ ಮರ ದಾಟುವುದಿಲ್ಲ. ಅಲ್ಲಿಂದಲೇ "ಊಟ ಆಯ್ತೇನೇ?" ಎಂದು ಕೂಗುತ್ತಾರೆ. ಕೆಲಸದ ಸಿದ್ದಮ್ಮ ಅಕ್ಕಿ ಬೇಳೆ ತಂದು ಮೆಟ್ಟಿಲ ಮೇಲಿಟ್ಟು ಹಿಂದೆ ಸರಿಯುತ್ತಾಳೆ. "ಕಾಫಿ ಪಕ್ಕ ನನ್ನನ್ನ ಇಟ್ಟಿದ್ದೀರಲ್ಲ, ಅದಕ್ಕೆ ತಗಲೋದಿಲ್ವಾ?" ಎಂದು ನಿನ್ನ ಭಾವನನ್ನು ಕೇಳಿದೆ. "ಅದನ್ನ ಹುರೀತಾರಲ್ಲ ಮಾರಾಯ್ತಿ" ಅಂದರು. ನಗು ಬಂತು, ನಕ್ಕಿದ್ದಕ್ಕೆ ಕೆಮ್ಮು ಬಂತು.

ಒಳಗೆ ಬರುವುದು ಕಣ ಕಾಯುವ ನಾಯಿ ಕೆಂಚ ಮಾತ್ರ. ಬೆಳಿಗ್ಗೆ ಅದಕ್ಕೊಂದು ದೋಸೆ ಹೊಯ್ದು, ತುಪ್ಪ ಸವರಿ, ಬೆಲ್ಲದ ಚೂರಿಟ್ಟು ಕೊಡುತ್ತೇನೆ. ಕಾವಲಿ ಚುರ್ ಅಂದರೆ ಸಾಕು, ಬಾಲದ ಜೊತೆ ಸೊಂಟವನ್ನೂ ಆಡಿಸುತ್ತದೆ. ತಿಂದಮೇಲೆ ನನ್ನ ಅಂಗೈ ನೆಕ್ಕುತ್ತದೆ. ನಿನ್ನ ಭಾವನಿಗೆ ಸಿಟ್ಟು. "ನಾಯಿಗೆ ಯಾರಾದ್ರೂ ತುಪ್ಪದ ದೋಸೆ ಹಾಕ್ತಾರೇನೇ? ಅನ್ನ ಹಾಕಿದ್ರೆ ಸಾಲ್ದಾ?" ಅದರ ಹೊಟ್ಟೆಗೆ ಸಾಕು, ನಿಜ. ನನಗೆ ಸಾಲದು.

ನೆನಪಿದೆಯಾ, ನಾವು ಚಿಕ್ಕವರಿದ್ದಾಗ ತವರಿನ ಪಕ್ಕದ ಎಸ್ಟೇಟಿನ ದೊರೆಸಾನಿ ನಾಯಿಯನ್ನು ಎದುರಿಗೆ ಕೂರಿಸಿಕೊಂಡು ಬಿಸ್ಕತ್ತು ಕೊಡುತ್ತಿದ್ದಳು. ಬೇಲಿ ಸಂದಿಯಲ್ಲಿ ನಿಂತು ನಾವಿಬ್ಬರೂ ಬಿದ್ದುಬಿದ್ದು ನಗುತ್ತಿದ್ದೆವು, ಹುಚ್ಚು ಹೆಂಗಸು ಅಂತ. ಈಗ ಅವಳ ಸಂಕಟ ಅರ್ಥವಾಗುತ್ತದೆ. ನಾವು ಕೊಟ್ಟಿದ್ದನ್ನು ಯಾರಾದರೂ ನಮ್ಮ ಕಣ್ಣೆದುರಿಗೆ ಖುಷಿಯಿಂದ ತಿನ್ನಬೇಕು ಕಣೇ. ಅಮ್ಮ ಹೋದಮೇಲೆ ನಿನಗೆ ಕೈತುತ್ತು ಹಾಕಿದ ಕೈ ಇದು. ಈಗ ಇದರಿಂದ ಒಂದು ಲೋಟ ನೀರು ಇಸಿದುಕೊಳ್ಳುವವರಿಲ್ಲ.

ನನ್ನ ಮಗನನ್ನು ನಿನ್ನ ಮಡಿಲಿಗೆ ಹಾಕಿ ವರ್ಷವಾಯಿತು. ಚಂದ್ರು ಈಗ ನಿನ್ನನ್ನೇ ಅಮ್ಮ ಅನ್ನುತ್ತಾನಂತೆ. ಅನ್ನಲಿ, ತಿದ್ದಬೇಡ. ಅವನ ಹುಟ್ಟುಹಬ್ಬಕ್ಕೆ ರವೆಉಂಡೆ ಕಳಿಸಿದ್ದೆನಲ್ಲ, ಬಾಯಿಗೆ ಬಟ್ಟೆ ಕಟ್ಟಿಕೊಂಡು, ಬಿಸಿನೀರಲ್ಲಿ ಕೈ ತೊಳೆತೊಳೆದು ಮಾಡಿದ್ದು. ನಮ್ಮ ಗಾಡಿಯ ಮಾರಯ್ಯ ಕಾಫಿ ಮೂಟೆಯ ಜೊತೆ ಚಿಕ್ಕಮಗಳೂರಿಗೆ ತಂದು ನಿನಗೆ ಮುಟ್ಟಿಸಿದನಂತೆ. ಡಬ್ಬವನ್ನು ಚೆನ್ನಾಗಿ ಬೆಳಗಿ ವಾಪಸು ಕಳಿಸಿದ್ದೀಯ.

ಮಳೆಗಾಲ ಕಳೆಯುವ ತನಕ ಏನೂ ಹೇಳಲಾಗದು ಅಂದರು ಡಾಕ್ಟರು. ಅವರ ಮುಖ ನೋಡಿ ನಾನು ಮುಂದೆ ಕೇಳಲಿಲ್ಲ.

ನಿನ್ನನ್ನೂ ನಿನ್ನ ಯಜಮಾನರನ್ನೂ ದೇವರು ತಣ್ಣಗಿಟ್ಟಿರಲಿ. ಚಂದ್ರು ಮಲಗಿದಾಗ ನನ್ನ ಪರವಾಗಿ ತಲೆ ಸವರು.

ಇತಿ ನಿನ್ನ ಅಕ್ಕ,
ಸತ್ಯವತಿ

ಮತ್ತೊಂದು ಮಾತು: ಮಾರಯ್ಯನ ಮೇಲೆ ಸಿಟ್ಟಾಗಬೇಡ. ಮಗು ಹೇಗೆ ತಿಂತು, ನಕ್ಕಿತಾ, ಇನ್ನೂ ಬೇಕು ಅಂದಿತಾ ಎಂದು ನಾನೇ ಪೀಡಿಸಿ ಕೇಳಿದೆ. ಪಾಪ, ಅವನಿಗೆ ಸುಳ್ಳು ಹೇಳಲು ಬರುವುದಿಲ್ಲ. "ನಿಮ್ ತಂಗಿಯವ್ರು ಅದನ್ನೆಲ್ಲಾ ಹಿತ್ಲಲ್ಲಿ ನಾಯಿಗೆ ಹಾಕಿಬಿಟ್ರು ಅಮ್ಮಾ" ಅಂದ. ನೀನು ಮಾಡಿದ್ದು ಸರಿ. ನಿನ್ನ ಜಾಗದಲ್ಲಿ ನಾನಿದ್ದರೂ ಹಾಗೇ ಮಾಡುತ್ತಿದ್ದೆ. ಆದರೂ ಮಾರನೆಯ ದಿನ ಕೆಂಚನಿಗೆ ದೋಸೆ ಹೊಯ್ಯಲಿಲ್ಲ ಸುಶೀಲಾ. ಯುಗಾದಿಗೆ ಮತ್ತೆ ಕಳಿಸುತ್ತೇನೆ, ಈ ಸಲ ನಾಯಿಗೆಂದೇ. ಚಂದ್ರುವಿನ ಕೈಯಿಂದ ಹಾಕಿಸು. ನಾಯಿ ಬಾಲ ಆಡಿಸಿದರೆ ಅವನು ನಗುತ್ತಾನೆ. ಕಳಿಸಿದ್ದು ಯಾರು ಎಂದು ಕೇಳಿದರೆ ದೊಡ್ಡಮ್ಮ ಎನ್ನು. ಆಮೇಲೆ ಅವನ ಕೈಗೆ ಸೋಪು ಹಾಕಿ ಚೆನ್ನಾಗಿ ತೊಳೆ.