ಮನೆಬಸ್ಸಿನ ಮುಂದಿನ ಪ್ಲೇಟು

ಐವರ್ನಾಡು
೧೨-೧-೨೦೨೫, ಭಾನುವಾರ

ಮೋಕ್ಷಿತನ ಅಪ್ಪನಿಗೆ ದುಗ್ಗಮ್ಮ ಮಾಡುವ ನಮಸ್ಕಾರಗಳು.

ಸೊಂಟದ ನೋವು ಈಗ ಹೇಗಿದೆ? ರಾಡು ಹಾಕಿದ ಕಡೆ ರಾತ್ರಿ ಸೆಳೆಯುತ್ತದೆ ಎಂದು ನಿಮ್ಮ ಅಕ್ಕ ಹೇಳಿದರು. ಮಾತ್ರೆಯನ್ನು ಊಟದ ಮೊದಲು ತಿಂದು ಹೊಟ್ಟೆ ಉರಿ ಮಾಡಿಕೊಳ್ಳಬೇಡಿ. ವಾಕರನ್ನು ಬಾಗಿಲ ಪರದೆಯ ಹಿಂದೆ ಅಡಗಿಸಿಟ್ಟು, ಯಾರಾದರೂ ನೋಡಲು ಬಂದರೆ ಮಂಚದಿಂದ ಏಳುವುದೇ ಇಲ್ಲವಂತೆ. ಆ ವಾಕರು ಯಾರದೋ ಮನೆಯಿಂದ ಕದ್ದು ತಂದದ್ದಲ್ಲ. ಬಚ್ಚಲಲ್ಲಿ ಜಾರಿ ಬಿದ್ದವನಿಗೆ ನಾಚಿಕೆ ಯಾಕೆ, ನಾಚಿಕೆಯಾಗಬೇಕಾದ್ದು ಅಷ್ಟು ನುಣುಪಾದ ಟೈಲ್ಸ್ ಹಾಕಿಸಿದವರಿಗೆ. ಇದನ್ನು ಅಕ್ಕನಿಗೆ ಓದಿ ಹೇಳಬೇಡಿ. ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ಕೆಂಪಿ ಕರು ಹಾಕಿದೆ, ಹೆಣ್ಣು ಕರು. ಅದಕ್ಕಾಗಿಯೇ ತಾನೇ ನಾನು ನಿಮ್ಮನ್ನು ಘಟ್ಟದ ಮೇಲೆ ಅಕ್ಕನ ಮನೆಯಲ್ಲಿ ಬಿಟ್ಟು ಓಡಿ ಬಂದದ್ದು. ಮೋಕ್ಷಿತ ರಬ್ಬರು ಮರದ ಹಾಲು ತೆಗೆಯುವುದು, ಶೀಟು ಮಾಡುವುದು ಎಂದು ಬೆಳಗ್ಗಿನಿಂದ ಅದರಲ್ಲೇ ಇದ್ದಾನೆ, ಊಟಕ್ಕೆ ಕರೆದರೆ ಮಾತ್ರ ಮನೆ ನೆನಪಾಗುತ್ತದೆ.

ಫೋನ್ ಇರುವಾಗ ಇವಳು ಯಾಕೆ ಕಾಗದ ಬರೆಯುತ್ತಾಳೆ ಎಂದು ನಿಮಗೆ ಅನಿಸಬಹುದು. ಫೋನಿನಲ್ಲಿ ನೀವು ಎರಡು ಸಲ ಹೂಂ ಅಂದು ಅಕ್ಕನ ಕೈಗೆ ಕೊಡುತ್ತೀರಿ. ನಾನು ಹೇಳಬೇಕೆಂದಿದ್ದದ್ದು ಬಾಯಲ್ಲೇ ಉಳಿಯುತ್ತದೆ, ಆಮೇಲೆ ಅಕ್ಕನ ಹತ್ತಿರ ಉಪ್ಪಿನಕಾಯಿಯ ಮಾತಾಡಿ ಇಡುತ್ತೇನೆ. ಕಾಗದವನ್ನಾದರೆ ಕೊನೆಯವರೆಗೆ ಓದದೆ ನಿಮಗೆ ಬೇರೆ ದಾರಿಯಿಲ್ಲ. ಮಲಗಿದಲ್ಲೇ ಓದಿ.

ಮೊದಲು ಒಂದು ವಿಷಯ ಹೇಳಿಬಿಡುತ್ತೇನೆ. ನಾನು ನಮ್ಮ ಮನೆಬಸ್ಸು ಮಾರಲಿಲ್ಲ. "ಅದನ್ನು ಕೊಟ್ಟುಬಿಡು, ಇನ್ನು ನನ್ನ ಕೈಯಲ್ಲಿ ಆಗುದಿಲ್ಲ" ಎಂದು ನೀವು ಆಸ್ಪತ್ರೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಹೇಳಿದ್ದು ನನಗೆ ನೆನಪಿದೆ. ನೀವು ಫೋನ್ ಮಾಡಿ ಕಳಿಸಿದ ಕಡಬದ ಅಚ್ಚುತನೂ ಬಂದಿದ್ದ. ಒಳಗೆ ಹತ್ತಿ ನೋಡಿದ, ಮಂಚ ಕಿತ್ತು ಅಲ್ಲಿ ದೋಸೆ ಕಾವಲಿ ಇಡಬಹುದು, ಕಿಟಕಿ ಒಡೆದು ಕೌಂಟರ್ ಮಾಡಬಹುದು ಎಂದ. ನೀವು ಶಾಲೆಯವರಿಂದ ಹಳೆಯ ಮಿನಿಬಸ್ಸು ತಂದು, ಊರೂರು ಸುತ್ತಲು ಅದನ್ನೇ ಮನೆ ಮಾಡುವ ಎಂದು ಸೀಟು ಕಿತ್ತು, ಒಂದು ಮಳೆಗಾಲವಿಡೀ ಕೂತು ಮಾಡಿದ ಮಂಚ ಅದು. ನಾನು ಅವನಿಗೆ ನೀರು ಬೆಲ್ಲ ಕೊಟ್ಟು, ಊಟ ಹಾಕಿ, ಬಸ್ಸು ಕೊಡುವುದಿಲ್ಲ ಎಂದು ಹೇಳಿ ಕಳಿಸಿದೆ. "ಕೂಸಪ್ಪಣ್ಣ ಹೇಳಿದ್ದು ಬೇರೆ ಅಲ್ವಾ ಅಕ್ಕ?" ಎಂದು ನಿಮ್ಮ ಮಾತು ಎತ್ತಿದ. ಅದನ್ನು ಹೇಳುವಾಗ ಕೂಸಪ್ಪಣ್ಣನಿಗೆ ಜ್ವರ ಇತ್ತು ಎಂದೆ.

ಇನ್ನು ಕೇಳಿ. ನೀವು ಊರಿಗೆ ಬರುವುದು ಹೇಗೆ ಎಂಬುದೇ ನನಗೆ ಒಂದು ತಿಂಗಳಿನಿಂದ ತಲೆಬಿಸಿ. ಕಾಲು ಮಡಚಿ ಕಾರಿನಲ್ಲಿ ಕೂರುವ ಹಾಗಿಲ್ಲ. ಆಂಬುಲೆನ್ಸು ಮಾಡುವ ಎಂದರೆ, ಸೈರನ್ ಕೇಳಿ ಊರವರು ಹೆಣ ಬಂತೆಂದು ಸ್ನಾನಕ್ಕೆ ಬಚ್ಚಲ ಒಲೆಗೆ ಬೆಂಕಿ ಹಾಕುತ್ತಾರೆ ಎಂದು ನೀವು ರಂಪ ಮಾಡಿದಿರಿ. ಉಳಿದದ್ದು ನಮ್ಮ ಬಸ್ಸು. ಅದರಲ್ಲಿ ನಿಮ್ಮ ಅಳತೆಗೆ ನೀವೇ ಮಾಡಿದ ಮಂಚ ಇದೆ, ಕಾಲು ನೀಟಾಗಿ ಚಾಚಬಹುದು. ಡಾಕ್ಟರನ್ನು ಅಕ್ಕ ಕೇಳಿದ್ದಾರೆ. ಮಲಗಿ ಹೋಗಬಹುದು, ಆದರೆ ಕುಲುಕಬಾರದು ಎಂದಿದ್ದಾರೆ. ನಮ್ಮ ಬಸ್ಸು ಕುಲುಕದೆ ಹೋದದ್ದು ಯಾವಾಗ? ಗೋಕರ್ಣಕ್ಕೆ ಹೋಗುವಾಗ ರಸ್ತೆಯ ಪ್ರತಿ ಹಂಪಿನಲ್ಲೂ ಮುಂದಿನಿಂದ ದಡಕ್ ಎಂದು ಯಾರೋ ಸುತ್ತಿಗೆಯಲ್ಲಿ ಹೊಡೆದ ಹಾಗೆ ಕೇಳುತ್ತಿತ್ತು. ಬ್ರೇಕು ಹಾಕಿದರೆ ಮೂತಿ ನೆಲಕ್ಕೆ ಬಗ್ಗುತ್ತಿತ್ತು. "ಹಳೇ ಗಾಡಿ ಮಾತಾಡ್ತದೆ, ಮಾತಾಡ್ಲಿ ಬಿಡು" ಎಂದು ನೀವು ನಗುತ್ತಿದ್ದಿರಿ.

ಹಾಗಾಗಿ ಅದನ್ನು ಕುಂಬ್ರಕ್ಕೆ, ತ್ಯಾಂಪಣ್ಣನ ವರ್ಕ್‌ಶಾಪಿಗೆ ತೆಗೆದುಕೊಂಡು ಹೋದೆ. ಹೌದು, ನಾನೇ. ಇಷ್ಟು ವರ್ಷ ಜೀಪಿನಲ್ಲಿ ಗೊಬ್ಬರ, ಹುಲ್ಲು, ಸತ್ಯನಾರಾಯಣ ಪೂಜೆಗೆ ಭಟ್ಟರು, ಎಲ್ಲವನ್ನೂ ಸಾಗಿಸಿದವಳು ನಾನು. ಆದರೂ ಬಸ್ಸಿನ ಸ್ಟೇರಿಂಗ್ ಮುಟ್ಟಲು ಹೋದರೆ "ನಿನಗೆ ಜೀಪು ಸಾಕು ಮಾರಾಯ್ತಿ" ಅನ್ನುತ್ತಿದ್ದಿರಿ. ಮೋಕ್ಷಿತ ತಾನು ಬಿಡುತ್ತೇನೆ ಎಂದ. ಅವನು ಬ್ರೇಕು ಹಾಕುವ ಚಂದಕ್ಕೆ ನಿಮ್ಮ ಇನ್ನೊಂದು ಕಾಲೂ ಮುರಿಯುತ್ತದೆ, ಬೇಡ ಎಂದೆ. ಬೆಳ್ಳಾರೆ ದಾಟುವವರೆಗೆ ಎರಡನೇ ಗೇರಿನಲ್ಲೇ ಹೋದೆ, ಆಮೇಲೆ ಸರಿಯಾಯಿತು.

ತ್ಯಾಂಪಣ್ಣ ಜಾಕ್ ಕೊಟ್ಟು ಬಸ್ಸಿನ ಅಡಿಗೆ ನುಗ್ಗಿ, ತಲೆ ಅಲ್ಲಾಡಿಸುತ್ತಲೇ ಹೊರಗೆ ಬಂದ. ಕುಲುಕು ತಡೆಯಲು ಮುಂದಿನ ಚಕ್ರಗಳ ಹತ್ತಿರ ಒಂದರ ಮೇಲೊಂದು ಪೇರಿಸಿದ ಸ್ಪ್ರಿಂಗ್ ಪ್ಲೇಟುಗಳಲ್ಲಿ ಎಡಗಡೆಯ ದೊಡ್ಡದು ಬಿರುಕು ಬಿಟ್ಟಿತ್ತು. ಅಷ್ಟೂ ಪ್ಲೇಟುಗಳು ತುಕ್ಕು ಹಿಡಿದು ಒಂದಕ್ಕೊಂದು ಅಂಟಿ, ಬಗ್ಗಬೇಕಾದ ಕಬ್ಬಿಣ ಒಂದೇ ದಿಮ್ಮಿಯಾಗಿ ಹೋಗಿತ್ತು. ತುದಿಯಲ್ಲಿರುವ ರಬ್ಬರಿನ ಬುಶ್ ಸವೆದು ಕಬ್ಬಿಣಕ್ಕೆ ಕಬ್ಬಿಣ ಬಡಿಯುತ್ತಿತ್ತು. ನಿಮ್ಮ ಗಾಡಿ ಮಾತಾಡುತ್ತಿದ್ದದ್ದು ಅದು. ಶಾಕ್ ಅಬ್ಸಾರ್ಬರಿನ ಎಣ್ಣೆ ಯಾವ ಕಾಲದಲ್ಲೋ ಸೋರಿ ಮುಗಿದಿತ್ತು. ಬಿಚ್ಚಿ ನನ್ನ ಕೈಗೆ ಕೊಟ್ಟ, ನಾನು ಒತ್ತಿದರೆ ಒಳಗೆ ಹೋದದ್ದು ಮತ್ತೆ ಬರಲೇ ಇಲ್ಲ. ಇದನ್ನೆಲ್ಲ ಇಟ್ಟುಕೊಂಡು ನಾವು ಗೋಕರ್ಣಕ್ಕೂ ಅಷ್ಟು ದೂರದ ಹಂಪಿಗೂ ಹೋಗಿ ಬಂದೆವಲ್ಲ.

ಹಳೆಯದನ್ನೇ ರಿಪೇರಿ ಮಾಡಿ ಕೊಡುತ್ತೇನೆ ಎಂದ ತ್ಯಾಂಪಣ್ಣ. ನನಗೆ ಅದು ಬೇಡ, ಇನ್ನೂ ಮೆತ್ತಗೆ ಆಗಬೇಕು ಎಂದೆ. ಪುತ್ತೂರಿನಲ್ಲಿ ಬಿಡಿಭಾಗದ ಅಂಗಡಿಯ ಶಾನವಾಝ್, ಈಗ ಬೇರೆ ತರದ ಪ್ಲೇಟು ಬರುತ್ತದೆ ಎಂದು ತೋರಿಸಿದ. ಎಂಟು ಹತ್ತು ಪ್ಲೇಟು ಪೇರಿಸುವ ಬದಲು ಎರಡೋ ಮೂರೋ ಸಾಕಂತೆ. ನಡುವೆ ದಪ್ಪ, ತುದಿಗೆ ಹೋಗುತ್ತಾ ತೆಳು, ಒಂದಕ್ಕೊಂದು ತಿಕ್ಕುವುದಿಲ್ಲ. ಜೊತೆಗೆ ಹೊಸ ಶಾಕ್ ಅಬ್ಸಾರ್ಬರು, ಮತ್ತೆ ತಿರುವಿನಲ್ಲಿ ಬಸ್ಸು ಒಂದು ಬದಿಗೆ ವಾಲದ ಹಾಗೆ ಎರಡೂ ಚಕ್ರದ ಕಡೆಗೆ ಹಿಡಿದುಕೊಳ್ಳುವ ಒಂದು ಉದ್ದ ಸರಳು. ಕೊಯಮತ್ತೂರಿನಿಂದ ತರಿಸಿಕೊಟ್ಟ. "ಎಷ್ಟು ಲೋಡು ಹಾಕ್ಲಿಕ್ಕುಂಟು ಅಕ್ಕ?" ಎಂದು ಅವನು ಕೇಳಿದ್ದಕ್ಕೆ ಒಂದು ಆಳು ಎಂದೆ. ಅವನಿಗೆ ಅರ್ಥವಾಗಲಿಲ್ಲ, ನಾನೂ ಬಿಡಿಸಿ ಹೇಳಲಿಲ್ಲ. ನಿಮ್ಮ ಸೊಂಟದ ಸುದ್ದಿ ಪೇಟೆಯಲ್ಲೆಲ್ಲ ಹರಡುವುದು ನಿಮಗೆ ಇಷ್ಟವಿಲ್ಲ ಎಂದು ತ್ಯಾಂಪಣ್ಣನಿಗೂ ಹೇಳದೆ ಬಾಯಿ ಮುಚ್ಚಿಕೊಂಡಿದ್ದೆ.

ಅದರಿಂದಲೇ ಎಡವಟ್ಟಾಯಿತು. ಕೆಲಸ ಮುಗಿಯಿತು ಎಂದು ತ್ಯಾಂಪಣ್ಣ ಫೋನ್ ಮಾಡಿದ, ಹೋಗಿ ಓಡಿಸಿ ನೋಡಿದರೆ ಮೊದಲಿಗಿಂತ ಕಷ್ಟ. ಸದ್ದು ಇಲ್ಲ ನಿಜ, ಆದರೆ ಮುಂದಿನ ಬದಿ ಕಲ್ಲು. ಒಂದು ಹಂಪು ದಾಟಿದಾಗ ನನ್ನ ಹಲ್ಲು ಹಲ್ಲಿಗೆ ಬಡಿಯಿತು. ತಿರುಗಿಸಿ ವರ್ಕ್‌ಶಾಪಿಗೇ ಬಂದೆ. ತ್ಯಾಂಪಣ್ಣ ನಗುನಗುತ್ತಾ "ಹೇಗುಂಟು ಅಕ್ಕ? ನೀವು ಹೇಳದಿದ್ರೂ ಎರಡು ಬದಿಗೂ ಒಂದೊಂದು ಪ್ಲೇಟು ಜಾಸ್ತಿ ಹಾಕಿದ್ದೇನೆ, ಇನ್ನು ಅಡಿಕೆ ಮೂಟೆ ಎಷ್ಟು ಬೇಕಾದ್ರೂ ಹಾಕಿ" ಅಂದ. ನಮ್ಮ ಕಡೆ ಹೊಸ ಪಿಕಪ್ ತಂದವನು ಪೂಜೆ ಮಾಡಿಸುವ ಮೊದಲು ಪ್ಲೇಟು ಜಾಸ್ತಿ ಮಾಡಿಸಲು ಅವನಲ್ಲಿಗೆ ಬರುತ್ತಾನೆ. ಪ್ಲೇಟು ಕಡಿಮೆ ಇರಲಿ ಎಂದು ಕೇಳಿದವರನ್ನು ಅವನು ಹುಟ್ಟಿದಂದಿನಿಂದ ಕಂಡಿಲ್ಲ, ನಾನು ಮೆತ್ತಗೆ ಎಂದದ್ದನ್ನು ಸದ್ದು ಬೇಡ ಎಂದು ತಿಳಿದನೋ ಏನೋ. ಪ್ರೀತಿಯಿಂದ ಮಾಡಿದ್ದು ಪಾಪ. ಆದರೆ ನನಗೆ ಆ ಹೊತ್ತಿಗೆ ಏನಾಯಿತೋ, ಅಲ್ಲೇ ಗ್ರೀಸ್ ಡಬ್ಬಿಯ ಪಕ್ಕದ ಸ್ಟೂಲಿನ ಮೇಲೆ ಕೂತು ಅತ್ತುಬಿಟ್ಟೆ. ಅಡಿಕೆ ಅಲ್ಲ ತ್ಯಾಂಪಣ್ಣ, ಸೊಂಟ ಮುರಿದ ಮನುಷ್ಯನನ್ನು ಮಲಗಿಸಿ ತರುವುದು ಎಂದೆ. ನಾಲ್ಕು ಜನರ ಎದುರು ಅತ್ತದ್ದಕ್ಕೆ ನೀವು ಬೈಯುವುದಾದರೆ ಬೈಯಿರಿ.

ಅವನು ಕೈಯ ಗ್ರೀಸ್ ಒರೆಸಿಕೊಂಡ. ಆಮೇಲೆ "ಕೂಸಪ್ಪಣ್ಣನಿಗೆ ಅಂತ ಮೊದ್ಲೇ ಹೇಳುದಲ್ವಾ ಅಕ್ಕ" ಎಂದು, ಬೇರೆಯವರ ಪಿಕಪ್ಪನ್ನು ಪಕ್ಕಕ್ಕೆ ನಿಲ್ಲಿಸಿ ನಮ್ಮದನ್ನು ಮತ್ತೆ ಎತ್ತಿದ. ಹೆಚ್ಚಿನ ಪ್ಲೇಟು ಬಿಚ್ಚಿದ. ಬಸ್ಸನ್ನು ಗಾಳಿಯಲ್ಲಿ ಎತ್ತಿಟ್ಟುಕೊಂಡು ಬುಶ್ಶಿನ ಬೋಲ್ಟುಗಳನ್ನು ಬಿಗಿ ಮಾಡಬಾರದಂತೆ, ಚಕ್ರ ನೆಲಕ್ಕೆ ಕೂತು, ಹೋಗುವಾಗ ಇರುವಷ್ಟೇ ಭಾರ ಒಳಗಿದ್ದಾಗ ಬಿಗಿ ಮಾಡಿದರೆ ಮಾತ್ರ ರಬ್ಬರು ತಿರುಚುವುದಿಲ್ಲವಂತೆ. ಹಾಗಾಗಿ ಮೆಲ್ಲಗೆ ಮನೆಗೆ ತಂದು, ನೀರಿನ ಟ್ಯಾಂಕು ತುಂಬಿಸಿ, ಗ್ಯಾಸು, ಪಾತ್ರೆ, ಅಕ್ಕಿ, ಹಾಸಿಗೆ ಎಲ್ಲ ಹೇರಿಕೊಂಡು ಮರುದಿನ ಹೋದೆ. ನಿಮ್ಮ ಭಾರಕ್ಕೆ ನಮ್ಮ ಪಕ್ಕದ ಮನೆಯ ಸಂಕಪ್ಪಣ್ಣನನ್ನು ಮಂಚದಲ್ಲಿ ಮಲಗಿಸಿದೆ. ನಿಮಗಿಂತ ಸ್ವಲ್ಪ ಜಾಸ್ತಿಯೇ ಇದ್ದಾರೆ, ಆದರೂ ನಡೆಯುತ್ತದೆ.

ಬೋಲ್ಟು ಬಿಗಿಯಾದ ಮೇಲೆ ಸಂಕಪ್ಪಣ್ಣನನ್ನು ಇಳಿಯಲು ಬಿಡಲಿಲ್ಲ. ಹಾಗೆಯೇ ಸವಣೂರಿನ ದಾರಿಯಾಗಿ ಆಲಂಕಾರಿಗೆ ಹೊರಟೆ. ಎಲ್ಲೆಲ್ಲಿ ನೋವಾಗುತ್ತದೋ ಅಲ್ಲಿ ಕೂಗಿ ಎಂದು ಹೇಳಿದ್ದೆ. ಮೊದಮೊದಲು "ಅಕ್ಕ, ಹಂಪು", "ಅಕ್ಕ, ಗುಂಡಿ" ಎಂದು ಹಿಂದಿನಿಂದ ಕೇಳುತ್ತಿತ್ತು. ಸೇತುವೆ ದಾಟಿದ ಮೇಲೆ ಸದ್ದೇ ಇಲ್ಲ. ಮನುಷ್ಯನಿಗೆ ಏನಾಯಿತಪ್ಪಾ ಎಂದು ಹೆದರಿ ಬದಿಗೆ ನಿಲ್ಲಿಸಿ ಹೋಗಿ ನೋಡಿದರೆ, ಬಾಯಿ ತೆರೆದುಕೊಂಡು ಒಳ್ಳೆಯ ನಿದ್ದೆ. ಆಲಂಕಾರಿನಲ್ಲಿ ಎಬ್ಬಿಸಿ ಚಾ ಕುಡಿಸಿದೆ. "ಎಂತ, ಹೊರಟೇ ಇಲ್ವಾ?" ಎಂದು ಕೇಳಿದರು. ಆಗ ನನಗೆ ನಿಮ್ಮನ್ನು ತರಬಹುದು ಎಂದು ಧೈರ್ಯ ಬಂತು.

ನೀವು ಇನ್ನು ಓಡಿಸಲಾಗುವುದಿಲ್ಲ ಎಂದು ಮಾರಲು ಹೇಳಿದಿರಿ. ಓಡಿಸುವುದಕ್ಕೆ ಆಗದಿದ್ದರೆ ಬೇಡ. ನೀವು ನನ್ನನ್ನು ಎಡಬದಿಯ ಸೀಟಿನಲ್ಲಿ ಕೂರಿಸಿ ಊರೆಲ್ಲ ತೋರಿಸಿದಿರಿ, ನನಗೆ ಒಂದು ದಿನವೂ ಅದು ಕಡಿಮೆ ಎನಿಸಲಿಲ್ಲ. ಆ ಸೀಟಿನಿಂದ ಹೊಳೆ ಹೆಚ್ಚು ಚೆನ್ನಾಗಿ ಕಾಣುತ್ತದೆ, ಬೇಕಾದರೆ ಕೂತು ನೋಡಿ. ನೀವಿಲ್ಲದೆ ಈ ಮನೆ ನನಗೆ ಹಿಡಿಸುತ್ತಿಲ್ಲ. ಬೆಳಗ್ಗೆ ಎರಡು ಲೋಟ ಕಾಫಿ ಮಾಡಿ, ಒಂದನ್ನು ನಾನೇ ಆರಿದ ಮೇಲೆ ಕುಡಿಯುತ್ತೇನೆ. ಮುಖ ಎದುರು ಇದ್ದರೆ ಇದನ್ನು ಹೇಳಲು ನನಗೆ ಬರುವುದಿಲ್ಲ, ಆದ್ದರಿಂದ ಬರೆದೆ. ಬರುತ್ತೇನೆ ಎಂದು ಒಂದು ಗೆರೆ ಬರೆದು ಹಾಕಿ, ನಾನು ಬಂದು ಕರೆದುಕೊಂಡು ಬರುತ್ತೇನೆ.

ಅಕ್ಕನಿಗೆ ನನ್ನ ನಮಸ್ಕಾರ ತಿಳಿಸಿ. ಅವರು ಇಷ್ಟು ದಿನ ನಿಮ್ಮನ್ನು ಸಹಿಸಿಕೊಂಡದ್ದಕ್ಕೆ ಪುಣ್ಯ ಬರುತ್ತದೆ. ದೇವರು ನಿಮ್ಮ ಸೊಂಟಕ್ಕೆ ಬಲ ಕೊಡಲಿ, ನಿಮ್ಮ ಹಟಕ್ಕೆ ಕೊಟ್ಟದ್ದು ಸಾಕು.

ಇಂತು ನಿಮ್ಮ
ದುಗ್ಗಮ್ಮ

ವಿ.ಸೂ.: ಇದನ್ನು ಪೋಸ್ಟಿಗೆ ಹಾಕಲು ಸೋಮವಾರ ಬೆಳಗ್ಗೆ ಬಸ್ಸಿನಲ್ಲೇ ಸುಳ್ಯಕ್ಕೆ ಹೊರಟೆ. ಪೋಸ್ಟಾಫೀಸಿನ ಹತ್ತಿರ ಇಷ್ಟು ದೊಡ್ಡ ಗಾಡಿ ನಿಲ್ಲಿಸಲು ಜಾಗ ಸಿಗಲಿಲ್ಲ, ಸ್ವಲ್ಪ ಮುಂದೆ ಹೋದೆ. ಅಲ್ಲೂ ಸಿಗಲಿಲ್ಲ. ಹಾಗೇ ಹೋಗುತ್ತಾ ಸಂಪಾಜೆ ಬಂತು, ಘಾಟಿ ಹತ್ತಿದ ಮೇಲೆ ತಿರುಗಿಸಲು ಮನಸ್ಸಾಗಲಿಲ್ಲ. ಮಡಿಕೇರಿಯಿಂದ ಮೋಕ್ಷಿತನಿಗೆ ಫೋನ್ ಮಾಡಿದೆ, ಬೈದ, ಆಮೇಲೆ ದನಕ್ಕೆ ಎಷ್ಟು ಹಿಂಡಿ ಹಾಕಬೇಕು ಎಂದು ಕೇಳಿದ. ಈಗ ಅಕ್ಕನ ಮನೆಯ ಗೇಟಿನ ಹೊರಗೆ ಇದ್ದೇನೆ, ಈ ಕಾಗದವನ್ನು ಅವರ ಕೈಯಲ್ಲೇ ಒಳಗೆ ಕಳಿಸುತ್ತೇನೆ. ನಾನು ಒಳಗೆ ಬಂದರೆ ನೀವು ಬರುವುದಿಲ್ಲ ಎನ್ನುತ್ತೀರಿ, ನಿಮ್ಮ ಕಾಲು ನೋಡಿ ನಾನೂ ಸರಿ ಎಂದುಬಿಡುತ್ತೇನೆ. ಅದಕ್ಕೆ ಬರುವುದಿಲ್ಲ. ವಾಕರು ಹಿಡಿದುಕೊಂಡು ನೀವೇ ಬಾಗಿಲವರೆಗೆ ಬನ್ನಿ, ಈ ಬೀದಿಯಲ್ಲಿ ನಿಮ್ಮನ್ನು ನೋಡಿ ನಗುವವರು ಯಾರೂ ಇಲ್ಲ. ಇವತ್ತು ಮನಸ್ಸಾಗದಿದ್ದರೆ ನಾಳೆ ಬನ್ನಿ, ನಾಡಿದ್ದಾದರೂ ಆಗಬಹುದು. ನನಗೆ ಇಲ್ಲಿ ಮಲಗಲು ಮಂಚ ಇದೆ, ಒಲೆ ಇದೆ. ಗಂಜಿಗೆ ಇಬ್ಬರಿಗಾಗುವಷ್ಟು ಅಕ್ಕಿ ಹಾಕಿದ್ದೇನೆ.