ಭೀಮೇಶನ ರಕ್ತ

ಪುಣೆ
೧೪ ಸೆಪ್ಟೆಂಬರ್ ೨೦೨೪

ಪ್ರೀತಿಯ ಮಲ್ಲಿಕಕ್ಕಾ,

ನಿನಗೂ ಸಿದ್ಧಲಿಂಗ ಮಾಮಾಗೂ ಜೈಭೀಮ್. ಕುಬಿಹಾಳದಿಂದ ಬಂದ ಮ್ಯಾಲೆ ಎಷ್ಟೋ ಸಲ ಫೋನ್ ಮಾಡಿದೆ, ನೀ ಎತ್ತಲಿಲ್ಲ. ಎತ್ತಬೇಕಿತ್ತು ಅಂತ ನಾ ಅನ್ನೂದಿಲ್ಲ. ಬರಿಯೂಣು ಅಂತ ಕುಂತರ ಮೊದಲ ಸಾಲು ದಾಟಾಕ ಆಗಲಿಲ್ಲ, ಅದಕ್ಕ ಇಷ್ಟು ತಡಾ ಆತು. ಸಿಟ್ಟಾಗಬ್ಯಾಡ. ಮಾಮಾ ಹೊಲಕ್ಕ ಹೋಗಾಕ ಹತ್ಯಾರಂತ, ನೀ ಮಾತ್ರ ಊಟ ಬಿಟ್ಟೀಯಂತ ಅವ್ವ ಹೇಳಿದ್ಲು. ಒಂದು ತುತ್ತರ ಉಣ್ಣಕ್ಕಾ.

ನಿನ್ನ ಕೂಸು ಭೀಮೇಶನ್ನ ಮಣ್ಣು ಮಾಡಿ ಬಂದ ದಿನ ಹಿತ್ತಲದಾಗ ನೀ ನನ್ನ ಒಂದು ಮಾತು ಕೇಳಿದಿ.

"ದುರ್ಗಾ, ನಿನ್ನ ಲ್ಯಾಬಿನ್ಯಾಗ ಅವನ ರಕ್ತ ಕೆಲಸ ಮಾಡ್ತಂದ್ಯಲ್ಲ, ನನ್ನ ತೊಡಿಮ್ಯಾಲೆ ಇದ್ದಾಗ ಯಾಕ ಮಾಡಲಿಲ್ಲ?"

ಸುತ್ತ ಹೆಣ್ಮಕ್ಕಳು ಕುಂತಿದ್ರು. ನಾ ಕೊಡ ಎತ್ಕೊಂಡು ನೀರಿಗೆ ಹೋದೆ. ಈಗ ಹೇಳ್ತೇನಿ, ಕೇಳು.

ಎದಿಯೊಳಗ, ಹೃದಯದ ಮ್ಯಾಲೆ, ಥೈಮಸ್ ಅಂತ ಒಂದು ಸಣ್ಣ ಗ್ರಂಥಿ ಇರತೈತಿ. ಅದರಾಗ ಬಲಿತು ಬರೂ ಕೋಶಕ್ಕ ಟಿ ಕೋಶ ಅಂತಾರ. ರೋಗದ ಜೋಡಿ ಬಡದಾಡೂ ಪ್ರತಿಕಾಯ ಮಾಡೂವು ಬ್ಯಾರೆ, ಬಿ ಕೋಶ. ಆದ್ರ ಟಿ ಕೋಶ ಬಾಜೂಕ ಬಂದು ಎಬ್ಬಿಸೂ ತನಕ ಅವು ಸುಮ್ನ ಕುಂತಿರ್ತಾವ. ನಮ್ಮ ಭೀಮೇಶಗ ಬಿ ಕೋಶ ಬೇಕಾದಷ್ಟಿದ್ವು. ಎಬ್ಬಿಸೂವು ಹುಟ್ಟಿನಿಂದನ ಇರಲಿಲ್ಲ. ಅದಕ್ಕ ಅವನ ಬಾಯಾಗಿನ ಬಿಳಿ ಹುಣ್ಣು ಮಾಯಲಿಲ್ಲ, ಎದ್ಯಾಗಿನ ಕಫ ಇಳೀಲಿಲ್ಲ. ನಿಮ್ಮತ್ತಿ ಮಾದೇವವ್ವ ಏನರ ಅನ್ನಲಿ, ನಿನ್ನ ಹಾಲಿನ್ಯಾಗ ಏನೂ ದೋಷ ಇರಲಿಲ್ಲ.

ಹುಬ್ಬಳ್ಳಿ ದವಾಖಾನ್ಯಾಗ ಅವನ ರಕ್ತ ಇಸಗೊಂಡು, ರೈಲಿನ್ಯಾಗ ದಾರಿ ಪೂರ್ತಿ ಡಬ್ಬಿ ತೊಡಿಮ್ಯಾಲಿಂದ ಇಳಸದ ತಂದೆ. ಟಿ ಕೋಶ ಸಿಕ್ಕರ ಹುಡುಗನ ಬಿ ಕೋಶ ಏಳ್ತಾವೇನು ಮೊದಲ ನೋಡೂಣು ಅಂದ್ರು ನಮ್ಮ ಲ್ಯಾಬಿನ ಹಿರ್ಯಾರು ಲಕ್ಷ್ಮಣಪ್ಪ ಸರ್. ಸಣ್ಣ ಸಣ್ಣ ಕುಳಿ ಇರೂ ಪ್ಲಾಸ್ಟಿಕ್ ತಟ್ಟ್ಯಾಗ ಅವನ ಕೋಶ ಇಟ್ಟು, ಸತ್ತ ರೋಗಾಣು ಹಾಕಿದ್ವಿ. ಏನೂ ಆಗಲಿಲ್ಲ. ಬಾಜೂ ಕುಳಿಯೊಳಗ ನನ್ನ ರಕ್ತದಿಂದ ತಗದ ಟಿ ಕೋಶ ಕೂಡಿಸಿದ್ವಿ. ಅಲ್ಲಿ ಪ್ರತಿಕಾಯ ಬಂತು. ನಾ ಕೈಗವಸು ತಗಿಯೂದ್ರಾಗ ನಿನಗ ಫೋನ್ ಹಚ್ಚಿದೆ. ಬಾಜೂ ಖೋಲಿಯ ಹಲೀಮಾಬಿ ವಾರ್ಡಿಗೆಲ್ಲ ಸಕ್ಕರಿ ಹಂಚಿದ್ಲಂತ.

ಹಂಗಾರ ನಿನ್ನ ಕೋಶನ ಅವಗ ಹಾಕಿಬಿಡು ಅಂದಿ ನೀ. ಆಗಿದ್ರ ಹಾಕ್ತಿದ್ದೆ. ತಟ್ಟ್ಯಾಗ ಬಿ ಕೋಶ ಅಷ್ಟ ಇರ್ತಾವ. ಮೈಯೊಳಗ ಹೋಗಿದ್ರ ನನ್ನ ಕೋಶಕ್ಕ ಅವನ ಚರ್ಮ, ಕರುಳು ಎಲ್ಲಾ ಪರರದು ಆಗ್ತಿತ್ತು, ಅವನ್ನ ತಿಂದುಬಿಡ್ತಿದ್ವು. ಉಳದ ದಾರಿ ಒಂದ, ನಿನ್ನ ಎಲುಬಿನ ಮಜ್ಜಿಯೊಳಗಿನ ಬಲಿತ ಟಿ ಕೋಶ ತಗದು ಅವಗ ಕೊಡೂದು, ಅದರಿಂದ ಅವನ ಮೈಯೊಳಗನ ಹೊಸವು ಹುಟ್ತಿದ್ವು. ಡಾಕ್ಟ್ರು ಒಪ್ಪಿದ್ರು, ಮೊದಲ ಕಫ ಇಳದು ಎದಿ ಹಗುರಾಗಲಿ ಅಂದ್ರು. ಆಗಲಿಲ್ಲ.

ದುರ್ಗಾ ರಕ್ತ ಒಯ್ದದ್ದಕ್ಕ ಕೂಸು ಹೋತು ಅಂತ ಊರಾಗ ಅಂತಾರಂತ. ಒಂದೆರಡು ಚಮಚಾ ರಕ್ತದಿಂದ ಅವಗ ಏನೂ ಆಗಿಲ್ಲ, ನಂಬು. ಉಪಯೋಗನೂ ಆಗಲಿಲ್ಲ. ಮುಂದ ಇನ್ನೊಂದು ಕೂಸಿಗೆ ಆಸರಾಗತೈತಿ ಅಂತ ಸರ್ ಸಮಾಧಾನ ಮಾಡ್ತಾರ. ನನಗ ಇನ್ನೊಂದು ಕೂಸು ಕಣ್ಣಿಗೆ ಬರವಲ್ದು.

ಸುಖವಾಗಿರು ಅಂತ ಬರಿಯಾಕ ಕೈ ಏಳವಲ್ದು. ಜೀವ ಹಿಡಕೊಂಡು ಇರು, ಅಷ್ಟ ಸಾಕು. ಬುದ್ಧನ ಕರುಣಾ ನಿನ್ನ ಮ್ಯಾಲಿರಲಿ. ಅವ್ವನ್ನ ನೋಡ್ಕೋ.

ನಿನ್ನ ತಂಗಿ,
ದುರ್ಗಾ

ತಾ.ಕ.: ಅಕ್ಕಾ, ಅವನ ಕೋಶ ಇನ್ನೂ ಜೀವಂತ ಅದಾವು. ಮಣ್ಣು ಕೊಟ್ಟು ಬಂದು ಕೋಶ ಇಡೂ ಬೆಚ್ಚನ ಪೆಟ್ಟಿಗಿ ತಗದು ನೋಡಿದೆ, ಸೂಕ್ಷ್ಮದರ್ಶಕದ ಕೆಳಗ ದುಂಡಗ ಹೊಳೀತಿದ್ವು. ಕೆಲಸ ಮುಗದೈತಿ, ಬ್ಲೀಚ್ ಹಾಕಿ ಚೆಲ್ಲವ್ವಾ ಅಂದ್ರು ಸರ್. ಬಾಟ್ಲಿ ಹಿಡಕೊಂಡು ನಿಂತೆ, ಹಾಕಾಕ ಆಗಲಿಲ್ಲ. ಸೋಂಕು ತಗಲೀತು ಅಂತ ನಾ ಭೀಮೇಶನ್ನ ಒಮ್ಮೆನೂ ಎತ್ಕೊಂಡಿಲ್ಲ, ಗಾಜಿನ ಹೊರಗ ನಿಂತು ನೋಡಿದ್ದಷ್ಟ. ಆ ಕುಳಿಯೊಳಗ ಮಾತ್ರ ನಾವಿಬ್ಬರೂ ಕೂಡಿ ಅದೇವಿ. ಹೊಸ ದ್ರವ ಹಾಕಿ ಹಾಕಿ ಇಡಾಕತ್ತೇನಿ, ಆದ್ರೂ ಸಾಯಾಕತ್ತಾವ. ಇವತ್ತು ನೋಡಿದಾಗ ಭಾಳ ಕಮ್ಮಿ ಉಳದಿದ್ವು.